ಒಸೊರೊಯಿ ಅಂದರೆ ಎಷ್ಟು ಜನ

ನಮ್ಮ ಮನೆಯ ಒಸೊರೊಯಿ ಕಥೆಯನ್ನು ಎಲ್ಲರಿಗಿಂತ ಚೆನ್ನಾಗಿ ಹೇಳುವವರು ಅಪ್ಪ. ನನ್ನ ಮೊದಲ ಆಕ್ಷೇಪವೂ ಅದೇ. ಆ ಸಂಜೆ ಅಪ್ಪ ಅಲ್ಲಿರಲಿಲ್ಲ. ಅವರು ಅಲ್ಲಿರಲಿಲ್ಲ ಎಂಬುದೇ ಕಥೆಯ ವಸ್ತು. ಆದರೂ ಟೋಕಿಯೋದ ನಮ್ಮ ಫುನಾಬೊರಿಯಲ್ಲಿ ಯಾರ ಮನೆಯಲ್ಲಿ ಊಟಕ್ಕೆ ಸೇರಿದರೂ, ಬಿಸಿಬೇಳೆಬಾತು ಎರಡನೇ ಸುತ್ತು ಬರುವ ಹೊತ್ತಿಗೆ ಯಾರಾದರೂ "ಆ ಬಟ್ಟೆ ಕಥೆ ಹೇಳಿ ಸಾರ್" ಅನ್ನುತ್ತಾರೆ. ಅಪ್ಪ ಕೈ ತೊಳೆದುಕೊಂಡು ಬಂದು ಕೂತು ಶುರು ಮಾಡುತ್ತಾರೆ.

"ನೋಡಿ, ಕರೋನಾ ಟೈಮು. ನಾನು ಮೈಸೂರಲ್ಲಿ ಸಿಕ್ಕಾಕೊಂಡಿದೀನಿ. ಇಲ್ಲಿ ಇವಳು ದೀಪಾವಳಿಗೆ ಅಂತ ಮನೆಮಂದಿಗೆಲ್ಲ ಒಂದೇ ಥರ ಬಟ್ಟೆ ಹೊಲಿದಿದಾಳೆ. ನಂದೂ ಸೇರಿಸಿ. ಮೊದಲು ಕತ್ತರಿಸಿದ್ದೇ ನನ್ನ ಜುಬ್ಬ. ಸರಿ, ದೀಪ ಇಡೋಕೆ ಆಚೆ ಬಂದಿದಾರೆ, ಪಕ್ಕದ ಮನೆ ಅಜ್ಜಿ ಕೇಳ್ತಾರೆ, ಒಸೊರೊಯಿ ದೆಸ್ ಕಾ ಅಂತ. ಎಲ್ಲರೂ ಇದೀರಾ, ಮನೆಯವರೆಲ್ಲ ಸೇರಿದೀರಾ ಅಂತ ಅವರು ಕೇಳಿದ್ದು. ಆದ್ರೆ ಒಂದೇ ಥರ ಬಟ್ಟೆಗೂ ಜಪಾನೀಲಿ ಒಸೊರೊಯಿ ಅಂತಲೇ ಅಂತಾರಲ್ಲ. ಇವಳು ಬಟ್ಟೆ ಮ್ಯಾಚಿಂಗಾ ಅಂತ ಕೇಳ್ತಿದಾರೆ ಅಂದ್ಕೊಂಡು ಹಾಯ್ ಅಂತ ತಲೆ ಬಗ್ಗಿಸಿಬಿಟ್ಳು. ಹಾಯ್ ಅಂದ್ರೆ ಹೌದು. ಮುಗೀತು. ನಾನು ಮೈಸೂರಲ್ಲಿ ಉಪ್ಪಿಟ್ಟು ತಿಂತಾ ಕೂತಿದೀನಿ, ಟೋಕಿಯೋದಲ್ಲಿ ನನ್ನ ಹಾಜರಿ ಬಿದ್ದೋಯ್ತು."

ಎಲ್ಲರೂ ನಗುತ್ತಾರೆ. ಅಮ್ಮ ಕೋಸಂಬರಿಯ ಬಟ್ಟಲು ಹಿಡಿದು ಇನ್ನೊಂದು ಸುತ್ತು ಬರುತ್ತಾಳೆ. ಅಮ್ಮ ಇದನ್ನು ಒಮ್ಮೆಯೂ ತಿದ್ದಿಲ್ಲ, ಒಮ್ಮೆಯೂ ಒಪ್ಪಿಕೊಂಡಿಲ್ಲ.

ಶಾಲೆಯಲ್ಲಿ ನಾನು ಚರ್ಚಾ ತಂಡದಲ್ಲಿದ್ದೆ. ಅಲ್ಲಿ ವಿಷಯದ ಪರ ಯಾರು, ವಿರೋಧ ಯಾರು ಎಂದು ನಾಣ್ಯ ಚಿಮ್ಮಿಸಿ ನಿರ್ಧರಿಸುತ್ತಿದ್ದರು. ನಿನಗೆ ಏನನ್ನಿಸುತ್ತದೆ ಎಂದು ಯಾರೂ ಕೇಳುತ್ತಿರಲಿಲ್ಲ. ಇದರಿಂದ ಬಹುಮಾನದ ಕಪ್‌ಗಳು ಬಂದವು. ಮನೆಯ ವಿಷಯಕ್ಕೆ ಬಂದಾಗ ಮಾತ್ರ ಈ ವಿದ್ಯೆ ಕೈ ಕೊಡುತ್ತದೆ, ಏಕೆಂದರೆ ಎರಡೂ ಕಡೆಯಿಂದ ಚೆನ್ನಾಗಿ ವಾದಿಸಿದ ಮೇಲೆ ಗೆದ್ದವರು ಯಾರೆಂದು ಹೇಳಲು ತೀರ್ಪುಗಾರರೇ ಇರುವುದಿಲ್ಲ. ಆ ಸಂಜೆ ನಾನು ಅಲ್ಲಿದ್ದೆ. ನನ್ನ ತಂಗಿ ಪುಟ್ಟಿಯೂ ಇದ್ದಳು. ಅಪ್ಪನ ಕಥೆಯ ಒಂದೊಂದು ವಾಕ್ಯವೂ ಹೆಚ್ಚುಕಡಿಮೆ ಸರಿಯಾಗಿಯೇ ಇದೆ. ಒಟ್ಟು ಸೇರಿಸಿದರೆ ಏನಾಗುತ್ತದೆ ಎಂಬುದರಲ್ಲಿ ನನಗೆ ಗೊಂದಲ.

ಮೊದಲಿನಿಂದ ಹೇಳುತ್ತೇನೆ. ಸಾಂಕ್ರಾಮಿಕ ಶುರುವಾದ ವರ್ಷದ ಮಾರ್ಚಿನಲ್ಲಿ ಅಪ್ಪ ಮೈಸೂರಿಗೆ ಹೋದರು. ಅತ್ತೆ, ಎಂದರೆ ಅಪ್ಪನ ತಂಗಿ, ಹೊಸ ಮನೆ ಕಟ್ಟಿಸಿದ್ದರು. ಗೃಹಪ್ರವೇಶಕ್ಕೆಂದು ಒಂದು ವಾರದ ರಜೆ. ಹಾಲು ಉಕ್ಕಿತು, ಊಟವಾಯಿತು, ಅಷ್ಟರಲ್ಲಿ ಭಾರತದಲ್ಲಿ ವಿಮಾನಗಳು ನಿಂತವು. ಆಮೇಲೆ ಜಪಾನು ಕೂಡ, ಇಲ್ಲಿ ಮನೆ ಸಂಸಾರ ಇದ್ದವರನ್ನೂ ಸೇರಿಸಿ, ಹೊರಗೆ ಹೋದ ವಿದೇಶಿಯರು ವಾಪಸು ಬರುವಂತಿಲ್ಲ ಎಂದಿತು. ಅಪ್ಪ ಹೊಸ ಮನೆಯ ಮಹಡಿ ಕೋಣೆಯಲ್ಲಿ ಲ್ಯಾಪ್‌ಟಾಪು ಇಟ್ಟುಕೊಂಡು ಕೆಲಸ ಮಾಡತೊಡಗಿದರು. ಗೃಹಪ್ರವೇಶಕ್ಕೆ ಬಂದ ಅತಿಥಿ ಮನೆಯವನೇ ಆಗಿಹೋದ ಎಂದು ಅತ್ತೆ ತಮಾಷೆ ಮಾಡುತ್ತಿದ್ದರು.

ಇಲ್ಲಿಯವರೆಗೆ ಯಾರ ಮೇಲೂ ಅನುಮಾನವಿಲ್ಲ. ಶರತ್ಕಾಲದಲ್ಲಿ ವಿಷಯ ತೊಡಕಾಯಿತು. ಆ ಹೊತ್ತಿಗೆ ಇಲ್ಲಿ ವಾಸವಿದ್ದವರು ವಾಪಸು ಬರಬಹುದು ಎಂದಾಗಿತ್ತು. ಎಂಬೆಸಿಯಿಂದ ಒಂದು ಪತ್ರ ಬೇಕು, ಪರೀಕ್ಷೆಯ ವರದಿ ಬೇಕು, ಬಂದ ಮೇಲೆ ಮನೆಯೊಳಗೇ ಇರಬೇಕು. ನಮ್ಮ ಕಟ್ಟಡದಲ್ಲೇ, ನಮ್ಮ ಹಾಗೆ ಅಪ್ಪ ಊರಲ್ಲಿ ಸಿಕ್ಕಿಕೊಂಡಿದ್ದ ಮನೆಗಳಿಗೆ ಒಬ್ಬೊಬ್ಬರೇ ಅಪ್ಪಂದಿರು ಬಂದರು. ನಮ್ಮಪ್ಪ ಮಾತ್ರ "ಪ್ರೊಸೆಸ್‌ನಲ್ಲಿದೆ" ಅನ್ನುತ್ತಿದ್ದರು. ಒಂದು ದಿನ ಫೋನಿನಲ್ಲಿ ಹೀಗೂ ಅಂದರು:

"ಇಲ್ಲಿಂದಲೇ ಕೆಲಸ ನಡೀತಿದೆಯಲ್ಲ. ನೀವೇ ಬಂದ್ಬಿಟ್ರೆ ಏನು?"

"ಇವಳದು ಹನ್ನೊಂದನೇ ಕ್ಲಾಸು. ಪುಟ್ಟಿಗೆ ಕನ್ನಡ ಓದೋಕೂ ಬರಲ್ಲ."

"ಕಲೀತಾಳೆ ಬಿಡು. ಅಷ್ಟು ದೊಡ್ಡ ಮನೆ ಖಾಲಿ ಬಿದ್ದಿದೆ ಇಲ್ಲಿ."

"ಆಮೇಲೆ ಮಾತಾಡೋಣ ರೀ, ಒಲೆ ಮೇಲೆ ಇಟ್ಟಿದೀನಿ."

ಒಲೆಯ ಮೇಲೆ ಏನೂ ಇರಲಿಲ್ಲ.

ಅಂದರೆ ಆಗ ಮನೆಯಲ್ಲಿದ್ದ ಪ್ರಶ್ನೆ, ಅಪ್ಪ ಬರುತ್ತಾರೋ ಅಥವಾ ನಾವು ಇಲ್ಲಿಂದ ಗಂಟುಮೂಟೆ ಕಟ್ಟುತ್ತೇವೋ ಎಂಬುದು. ಮೂರನೆಯದೊಂದು ಸಾಧ್ಯತೆಯೂ ಇತ್ತು. ಅವರು ಅಲ್ಲೇ, ನಾವು ಇಲ್ಲೇ. ಅದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ನನಗೆ ಹೆದರಿಕೆಯಾಗುತ್ತಿದ್ದುದು ಅದರದೇ, ಏಕೆಂದರೆ ಅದಕ್ಕೆ ಯಾರೂ ಏನೂ ನಿರ್ಧರಿಸಬೇಕಾಗಿರಲಿಲ್ಲ. ಸುಮ್ಮನಿದ್ದರೆ ಸಾಕು, ತಾನಾಗಿ ಆಗಿಹೋಗುತ್ತಿತ್ತು.

ಅಮ್ಮನ ಬಗ್ಗೆ ಒಂದು ಮಾತು ಇಲ್ಲೇ ಹೇಳಬೇಕು. ಅಪ್ಪ ಸಿಕ್ಕಿಕೊಳ್ಳುವುದಕ್ಕೆ ಮುಂಚೆ ಹೊರಗಿನ ಮಾತುಕತೆಯೆಲ್ಲ ಅವರದು. ಅಮ್ಮ ಅವರ ಹಿಂದೆ ನಿಂತು ಸುಮಿಮಾಸೆನ್, ಅರಿಗಾತೋ, ಎಂದರೆ ಕ್ಷಮಿಸಿ, ಥ್ಯಾಂಕ್ಸ್, ಅನ್ನುತ್ತಿದ್ದಳು, ಅಷ್ಟೇ. ಆ ವರ್ಷ ವಾರ್ಡ್ ಆಫೀಸಿಗೆ ಅಮ್ಮನೇ ಹೋದಳು. ಗೀಸರು ಕೆಟ್ಟಾಗ ಅಮ್ಮನೇ ಫೋನು ಮಾಡಿ, ಕ್ರಿಯಾಪದ ಸಿಗದಿದ್ದರೂ ಬಿಡದೆ, ತಣ್ಣೀರು ತಣ್ಣೀರು ಎಂದು ಹೇಳಿಯೇ ಮೆಕಾನಿಕ್‌ನನ್ನು ಕರೆಸಿದಳು. ಸೆಕೆಂಡ್‌ಹ್ಯಾಂಡ್ ಹೊಲಿಗೆ ಯಂತ್ರವೊಂದನ್ನು ತಂದು ಮಾಸ್ಕ್ ಹೊಲಿಯತೊಡಗಿದಳು. ಒಂದನೇ ತರಗತಿಯಲ್ಲಿದ್ದ ತಂಗಿಗೂ ಅವಳ ಗೆಳತಿಗೂ ಒಂದೇ ಹೂವಿನ ಮಾಸ್ಕ್. ತಂಗಿ ಕುಣಿದು ಕುಣಿದು "ಒಸೊರೊಯಿ, ಒಸೊರೊಯಿ" ಅನ್ನುತ್ತಿದ್ದಳು. ಇಲ್ಲೇ ಹುಟ್ಟಿದ ಅವಳಿಗೆ ನಾವು ಕನ್ನಡದಲ್ಲಿ ಹೇಳಿದ್ದೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಜಪಾನಿಯಲ್ಲೇ ಬರುತ್ತದೆ.

ಹಾಗಾದರೆ ಅಮ್ಮನಿಗೆ ಆ ಪದ ಬಟ್ಟೆಯಿಂದ ಪರಿಚಯವಾಯಿತು, ಆದ್ದರಿಂದ ಬಟ್ಟೆಯ ಅರ್ಥವೇ ತಲೆಯಲ್ಲಿತ್ತು ಎಂದು ಎದುರು ಪಕ್ಷದವರು ವಾದಿಸಬಹುದು. ಒಪ್ಪುವುದಿಲ್ಲ. ಆ ಪದ ನಮಗೆ ಪರಿಚಯವಾದದ್ದು ಬಟ್ಟೆಯಿಂದಲ್ಲ, ಆಲೂಗಡ್ಡೆಯಿಂದ.

ಸ್ಟೇಷನ್ನಿನ ಹತ್ತಿರ ನಾವು ಭಾನುವಾರ ಹೋಗುತ್ತಿದ್ದ ಹೋಟೆಲಿದೆ. ತಟ್ಟೆಗಳನ್ನೆಲ್ಲ ತಂದಿಟ್ಟ ಮೇಲೆ ಬಡಿಸುವ ಹುಡುಗಿ ಒಂದೇ ರಾಗದಲ್ಲಿ ಕೇಳುತ್ತಾಳೆ: ಒಸೊರೊಯಿ ದೆಶೋ ಕಾ? ನೀವು ಹೇಳಿದ್ದೆಲ್ಲ ಬಂತೇ, ಏನಾದರೂ ಬಾಕಿಯೇ ಎಂದು. ಜಪಾನಿನಲ್ಲಿ ಯಾವ ಹೋಟೆಲಿಗೆ ಹೋದರೂ ಈ ಮಾತು ಕಿವಿಗೆ ಬೀಳುತ್ತದೆ. ಒಂದು ಸಲ ತಂಗಿಯ ಆಲೂ ಫ್ರೈ ಬಂದಿರಲಿಲ್ಲ. ಅಪ್ಪ ಮೊಬೈಲಿನಲ್ಲಿದ್ದರು. ಅಮ್ಮ ಬೆರಳೆತ್ತಿ "ಪೊತೆತೊ, ಮಾದಾ" ಅಂದಳು. ಆಲೂ ಇನ್ನೂ ಬಂದಿಲ್ಲ. ಅಂದಿನಿಂದ ತಂಗಿಗೆ ಅದೊಂದು ಆಟ. ಮನೆಯಲ್ಲಿ ದೋಸೆ ತಡವಾದರೆ "ದೋಸೆ, ಮಾದಾ". ಹಾಗಾಗಿ ಒಸೊರೊಯಿ ಎಂದರೆ ಎಲ್ಲ ಬಂದಿದೆಯೇ ಎಂಬ ಪ್ರಶ್ನೆ ಎಂದು ಅಮ್ಮನಿಗೆ ಗೊತ್ತಿತ್ತು. ಇದು ನನ್ನ ಪಕ್ಷದ ಮುಖ್ಯ ಸಾಕ್ಷ್ಯ. ಆದರೆ ಇದರ ವಿರುದ್ಧವೂ ನಾನೇ ವಾದಿಸಬಲ್ಲೆ. ಹೋಟೆಲಿನಲ್ಲಿ ಪದ ಗೊತ್ತಿರಬೇಕಾಗಿಲ್ಲ, ಮೇಜು ನೋಡಿದರೆ ಸಾಕು.

ದೀಪಾವಳಿ ಹತ್ತಿರ ಬಂತು. ಇಲ್ಲಿಯ ಕನ್ನಡದವರೆಲ್ಲ ಸೇರಿ ಪ್ರತಿ ವರ್ಷ ಹಾಲ್ ಹಿಡಿಯುತ್ತಿದ್ದರು, ಆ ವರ್ಷ ಎಲ್ಲ ಸ್ಕ್ರೀನ್ ಮೇಲೆ. ಯಾರಿಗೋ ಹೊಳೆಯಿತು, ಮನೆಮಂದಿಯೆಲ್ಲ ಒಂದೇ ಥರ ಬಟ್ಟೆ ಹಾಕಿಕೊಂಡು ಕೂರುವ ಸ್ಪರ್ಧೆ ಇಡೋಣ ಎಂದು. ಅಮ್ಮ ಅಂಥದ್ದಕ್ಕೆ ಸೇರುವವಳಲ್ಲ. ಈ ಸಲ ಹೆಸರು ಕೊಟ್ಟುಬಿಟ್ಟಳು. ಯಾಕೆ ಎಂದು ಕೇಳಿದರೆ "ಮಾಸ್ಕ್ ಹೊಲಿದು ಹೊಲಿದು ಬೇಜಾರಾಗಿದೆ" ಅಂದಳು. ಖರ್ಚು ಮಾಡುವ ಹಾಗಿರಲಿಲ್ಲ. ಅಪ್ಪ ಭಾರತದಲ್ಲಿದ್ದುದರಿಂದ ಜಪಾನಿನ ಭತ್ಯೆ ನಿಂತಿತ್ತು, ಬಾಡಿಗೆ ನಿಂತಿರಲಿಲ್ಲ.

ಅಗ್ಗದ ಬಟ್ಟೆ ಸಿಗುವುದು ನಿಪ್ಪೊರಿಯಲ್ಲಿ. ಬೀದಿಗೆ ಬೀದಿಯೇ ಬಟ್ಟೆ ಅಂಗಡಿ. ಅಲ್ಲೊಂದು ಅಂಗಡಿಯ ಮುಂದೆ ಯುಕಾತಾ ಬಟ್ಟೆಯ ಸುರುಳಿಗಳ ರಾಶಿ ಬಿದ್ದಿತ್ತು. ಯುಕಾತಾ ಎಂದರೆ ಇಲ್ಲಿಯವರು ಬೇಸಿಗೆಯ ಹಬ್ಬಗಳಿಗೆ ತೊಡುವ ಹತ್ತಿಯ ನಿಲುವಂಗಿ. ಆ ಬೇಸಿಗೆಯಲ್ಲಿ ಬಾಣಬಿರುಸು ಇಲ್ಲ, ಕುಣಿತ ಇಲ್ಲ, ಬಟ್ಟೆ ಕೊಳ್ಳುವವರೂ ಇಲ್ಲ. ಅಂಗಡಿಯವರು ಪ್ಲಾಸ್ಟಿಕ್ ಪರದೆಯ ಹಿಂದಿನಿಂದ ಎರಡು ತೊಗೊಂಡರೆ ಇನ್ನೂ ಕಮ್ಮಿ ಎಂದು ಸನ್ನೆ ಮಾಡಿದರು. ಕಡುನೀಲಿ, ಮೇಲೆ ಬಿಳಿಯ ಏರೋಪ್ಲೇನ್ ಚಿಟ್ಟೆಗಳು. ಆಕಾಶದಲ್ಲಿ ಹಾರುವುದು ನಿಂತದ್ದೆಲ್ಲ ಈ ಬಟ್ಟೆಯ ಮೇಲೆ ಬಂದು ಕೂತಿದೆ ಎಂದು ನಾನು ಅಂದೆ. ಅಮ್ಮ ಕೇಳಿಸಿಕೊಳ್ಳಲಿಲ್ಲ. ಬಟ್ಟೆಯನ್ನು ಮೊಳಕೈಯಿಂದ ಬೆರಳ ತುದಿಯವರೆಗೆ ಹಿಡಿದು ನೋಡುತ್ತಿದ್ದಳು.

"ಪನ್ನ ಒಂದು ಮೊಳವೂ ಇಲ್ವಲ್ಲೇ. ಇದು ಬಟ್ಟೆನೋ ರಿಬ್ಬನ್ನೋ."

ಪನ್ನ ಎಂದರೆ ಬಟ್ಟೆಯ ಅಗಲ. ಯುಕಾತಾದ ಬಟ್ಟೆಯನ್ನು ನೇಯುವುದೇ ಹಾಗೆ, ಉದ್ದ ಬೇಕಾದಷ್ಟು, ಅಗಲ ಒಂದೂವರೆ ಗೇಣು. ನಮ್ಮ ಜುಬ್ಬ ಕುರ್ತಾಗಳಿಗೆ ಎದೆಯ ಮೇಲೆ ಒಂದು ಜೋಡಣೆ, ಬೆನ್ನ ಮೇಲೆ ಒಂದು ಜೋಡಣೆ ಕೊಡದೆ ಆಗುವುದಿಲ್ಲ. ಅಮ್ಮ ಎರಡು ಸುರುಳಿ ಕೊಂಡಳು. ಮನೆಗೆ ಬಂದು ನೆಲದ ಮೇಲೆ ಹಾಸಿದಳು. ನಾನು ಒಂದು ತುದಿ, ಅವಳು ಒಂದು ತುದಿ.

"ಮೊದಲು ಅಪ್ಪಂದು," ಅಂದಳು.

"ಯಾಕೆ? ಇಲ್ಲಿರೋರು ಮೂರು ಜನ."

"ದೊಡ್ಡದನ್ನ ಮೊದಲು ತೆಗೀಬೇಕು ಕಣೇ. ಚಿಕ್ಕದು ಮಿಕ್ಕಿದ್ರಲ್ಲಿ ಹೆಂಗಾದ್ರೂ ಆಗತ್ತೆ."

"ಹಬ್ಬಕ್ಕೆ ಬರ್ತಾರಾ?"

"ಹೊಲಿಯೋಕೆ ಮನುಷ್ಯ ಯಾಕೆ, ಅಳತೆ ಸಾಕು."

"ಇದು ಉತ್ತರ ಅಲ್ಲಮ್ಮ."

"ಲಾಯರಮ್ಮ, ಆ ತುದಿ ಬಿಗಿಯಾಗಿ ಹಿಡ್ಕೋ. ಬಟ್ಟೆ ಓರೆ ಹೋಗ್ತಿದೆ."

ಮೊದಲು ಕತ್ತರಿಸಿದ್ದೇ ನನ್ನ ಜುಬ್ಬ ಎಂದು ಅಪ್ಪ ಹೇಳುವಾಗ ಕೇಳುವವರ ಕಣ್ಣು ಒದ್ದೆಯಾಗುತ್ತದೆ. ದೊಡ್ಡದನ್ನು ಮೊದಲು ಕತ್ತರಿಸುವುದು ದರ್ಜಿಯ ಲೆಕ್ಕವೇ ಹೊರತು ಪ್ರೀತಿಯ ಲೆಕ್ಕವಲ್ಲ. ಆದರೆ ಅಪ್ಪನದನ್ನು ಲೆಕ್ಕಕ್ಕೆ ಸೇರಿಸಲೇಬೇಕು ಎಂದು ದರ್ಜಿಯ ಯಾವ ನಿಯಮವೂ ಹೇಳುವುದಿಲ್ಲ. ಅವರ ಜುಬ್ಬ ನುಂಗಿದ ಬಟ್ಟೆಯಿಂದಾಗಿ ನನ್ನ ಕುರ್ತಾದ ತೋಳು ಮೊಣಕೈಗೆ ನಿಂತಿತು. ಇಲ್ಲದವರ ತೋಳು ಪೂರ್ತಿ, ಇರುವವರ ತೋಳು ಅರ್ಧ ಎಂದು ನಾನು ದೂರಿದೆ. "ಒಳಗೆ ಥರ್ಮಲ್ ಹಾಕ್ಕೋ, ಕಾಣಲ್ಲ," ಅಂದಳು ಅಮ್ಮ. ಕಂಡಿತು. ಸ್ಪರ್ಧೆಯಲ್ಲಿ ಎಲ್ಲರಿಗೂ ಕಂಡಿತು.

ಅಪ್ಪನ ಹಳೆಯ ಜುಬ್ಬವೊಂದು ಕಪಾಟಿನಲ್ಲಿತ್ತು. ಅದರ ಅಳತೆ ತೆಗೆದಳು. ಆಮೇಲೆ ಯಾಕೋ ಅನುಮಾನ ಬಂದು ವಿಡಿಯೊ ಕರೆ ಮಾಡಿದಳು.

"ರೀ, ದಪ್ಪ ಆಗಿದೀರಾ?"

"ಇಲ್ವಲ್ಲ."

"ನಿಮ್ಮ ತಂಗಿನ ಕೇಳಲಾ?"

"ಹೊಸ ಅಡುಗೆಮನೆ ಕಣೇ. ದಿನಾ ಏನಾದ್ರೂ ಟ್ರಯಲ್ ಮಾಡ್ತಾಳೆ. ಬೇಡ ಅನ್ನೋಕಾಗತ್ತಾ?"

"ಎದ್ದು ನಿಂತ್ಕೊಳ್ಳಿ. ಪಕ್ಕಕ್ಕೆ ತಿರುಗಿ."

ಅಪ್ಪ ಎದ್ದು ಪಕ್ಕಕ್ಕೆ ತಿರುಗಿದರು, ಅಷ್ಟರಲ್ಲಿ ನೆಟ್‌ವರ್ಕು ನಿಂತಿತು. ಪರದೆಯ ತುಂಬ ಹೊಟ್ಟೆ. ಪುಟ್ಟಿ ಬಿದ್ದು ಬಿದ್ದು ನಕ್ಕಳು. ಅಮ್ಮ ನಗಲಿಲ್ಲ. ಆ ನಿಂತ ಚಿತ್ರವನ್ನು ನೋಡುತ್ತಲೇ ಇದ್ದಳು, ಅಳತೆ ತೆಗೆಯಲು ಬೇಕಾದುದಕ್ಕಿಂತ ಹೆಚ್ಚು ಹೊತ್ತು. ಕರೆ ತಾನಾಗಿ ಕಟ್ಟಾದ ಮೇಲೆ ಜುಬ್ಬದ ಎರಡೂ ಪಕ್ಕಗಳನ್ನು ಯಂತ್ರಕ್ಕೆ ಕೊಡದೆ, ಸೂಜಿದಾರ ಹಿಡಿದು ಉದ್ದುದ್ದ ಕಚ್ಚಾ ಹೊಲಿಗೆ ಹಾಕಿದಳು.

"ಇದ್ಯಾಕೆ ಹೀಗೆ?"

"ಬಿಚ್ಚೋಕೆ ಸುಲಭ."

"ಯಾಕೆ ಬಿಚ್ಬೇಕು?"

ಅಮ್ಮನ ಬಾಯಲ್ಲಿ ದಾರ ಇತ್ತು. ಏನೋ ಅಂದಳು. ಅಳತೆ ಸರಿಯಾಗದಿದ್ದರೆ ಅಂದಳೋ, ಅವರು ಬರದಿದ್ದರೆ ಅಂದಳೋ, ಆಗಲೂ ತಿಳಿಯಲಿಲ್ಲ, ಈಗಲೂ ತಿಳಿಯದು. ಕಚ್ಚಾ ಹೊಲಿಗೆ ಎರಡೂ ಪಕ್ಷಕ್ಕೆ ಸಾಕ್ಷಿ ನುಡಿಯುತ್ತದೆ. ಹೊಟ್ಟೆ ಬಂದವರು ಬಂದರೆ ಸಡಿಲ ಮಾಡಬಹುದು. ಬರದಿದ್ದರೆ ಬಿಚ್ಚಿ ಪುಟ್ಟಿಗೊಂದು ಲಂಗ ಮಾಡಬಹುದು. ಜುಬ್ಬ ಮಲಗುವ ಕೋಣೆಯ ಬಾಗಿಲ ಕೊಕ್ಕೆಯಲ್ಲಿ, ಹ್ಯಾಂಗರಿನಲ್ಲಿ, ನೇತಾಡತೊಡಗಿತು. ಪುಟ್ಟಿ ಅದರ ತೋಳು ಹಿಡಿದು ಕೈಕುಲುಕಿ ಶಾಲೆಗೆ ಹೋಗುತ್ತಿದ್ದಳು.

ದೀಪಾವಳಿಯ ಸಂಜೆ ನಾವು ಮೂವರೂ ನೀಲಿ ತೊಟ್ಟು ಹೊರಗಿನ ಪಡಸಾಲೆಗೆ ಬಂದೆವು. ಕಟ್ಟಡದಲ್ಲಿ ಬೆಂಕಿ ಹಚ್ಚುವಂತಿಲ್ಲ, ಹಾಗಾಗಿ ಬ್ಯಾಟರಿ ದೀಪಗಳು. ಪಕ್ಕದ ಮನೆಯ ಅಜ್ಜಿ ಕಸದ ಚೀಲ ಹಿಡಿದು ಹೊರಗೆ ಬಂದರು. ಒಬ್ಬರೇ ಇರುವ ಹೆಂಗಸು, ನಮ್ಮ ಮನೆಯ ಬಗ್ಗೆ ಸದಾ ಅಕ್ಕರೆ. ಬೇಸಿಗೆಯುದ್ದಕ್ಕೂ ಅಮ್ಮನನ್ನು ಕಂಡಾಗಲೆಲ್ಲ "ಯಜಮಾನರು?" ಎಂದು ಕೇಳಿದ್ದರು. ಮೊದಲು ಅಮ್ಮ ಭಾರತದಲ್ಲಿ ಎಂದಳು. ಆಮೇಲೆ ಇನ್ನೂ ಭಾರತದಲ್ಲಿ ಎಂದಳು. ಆಮೇಲೆ ಅಜ್ಜಿಯ ಬಾಗಿಲ ಸದ್ದು ಕೇಳಿದರೆ ನಾವು ಸ್ವಲ್ಪ ತಡೆದು ಹೊರಡುತ್ತಿದ್ದೆವು.

ಆ ದಿನ ಅಜ್ಜಿ ದೀಪ ನೋಡಿದರು, ನಮ್ಮನ್ನು ನೋಡಿದರು, ಎಷ್ಟು ಚೆಂದ ಅಂದರು. ಆಮೇಲೆ ಕೇಳಿದರು.

"ಮಿನಾಸಾನ್, ಒಸೊರೊಯಿ ದೆಸ್ ಕಾ?"

ಮಿನಾಸಾನ್ ಎಂದರೆ ಎಲ್ಲರೂ. ಆ ಪದ ಸೇರಿದರೂ ಪ್ರಶ್ನೆ ಎರಡು ಕಡೆಗೂ ವಾಲುತ್ತದೆ. ಎಲ್ಲರದೂ ಒಂದೇ ಥರವೇ? ಎಲ್ಲರೂ ಸೇರಿದ್ದೀರಾ? ಅಮ್ಮ ತಡವರಿಸಲಿಲ್ಲ.

"ಹಾಯ್. ಒಸೊರೊಯಿ ದೆಸ್."

ಅಪ್ಪನ ಕಥೆಯಲ್ಲಿ ಪಡಸಾಲೆಯ ಮಾತುಕತೆ ಇಲ್ಲಿಗೆ ಮುಗಿಯುತ್ತದೆ. ನಡೆದದ್ದು ಇಲ್ಲಿಗೆ ಮುಗಿಯಲಿಲ್ಲ. ಪುಟ್ಟಿ ನನ್ನ ಪಕ್ಕದಲ್ಲಿದ್ದವಳು ಬೆರಳೆತ್ತಿ, ಅದೇ ಹೋಟೆಲಿನ ರಾಗದಲ್ಲಿ ಹೇಳಿದಳು:

"ಪಾಪಾ, ಮಾದಾ."

ಅಪ್ಪ ಇನ್ನೂ ಬಂದಿಲ್ಲ.

ಅಂದರೆ ಆ ಪ್ರಶ್ನೆ ಯಾವುದೆಂದು ಮಗುವಿಗೆ ಗೊತ್ತಾಗಿತ್ತು. ಮಗು ಹೇಳಿದ ಮೇಲಂತೂ ಅಮ್ಮನಿಗೆ ಗೊತ್ತಾಗಲೇಬೇಕು. ಅಯ್ಯೋ, ಬಟ್ಟೆಯ ಬಗ್ಗೆ ಅಂದುಕೊಂಡೆ ಎಂದು ನಕ್ಕುಬಿಡಬಹುದಿತ್ತು. ಅಮ್ಮ ಅಜ್ಜಿಗೆ ಇನ್ನೊಮ್ಮೆ ತಲೆ ಬಗ್ಗಿಸಿದಳು. ಪುಟ್ಟಿಯ ಭುಜ ಹಿಡಿದು ಕನ್ನಡದಲ್ಲಿ, "ಒಳಗೆ ನಡಿ, ಚಳಿ" ಅಂದಳು. ಅಜ್ಜಿ ಪುಟ್ಟಿಯನ್ನು ನೋಡಿದರು, ಅಮ್ಮನನ್ನು ನೋಡಿದರು. ಇಬ್ಬರೂ ಮಾಸ್ಕಿನಲ್ಲಿದ್ದರು. ಮುಖದ ಅರ್ಧ ಮಾತ್ರ ಸಾಕ್ಷಿಗೆ ಸಿಗುತ್ತಿದ್ದ ವರ್ಷ ಅದು.

ಸ್ವಲ್ಪ ಹೊತ್ತಿಗೆ ಅಜ್ಜಿ ಬೆಲ್ ಮಾಡಿ, ಟೊಮೇಟೊದಂತೆ ಕಾಣುವ ಕಾಕಿ ಹಣ್ಣು ಕೊಟ್ಟುಹೋದರು. ಅಪ್ಪನ ಕಥೆಯಲ್ಲಿ ಹಣ್ಣು ನಾಲ್ಕು, ಅಪ್ಪನನ್ನೂ ಸೇರಿಸಿ. ಸುಳ್ಳು. ಹಣ್ಣು ಐದಿದ್ದವು. ಇಲ್ಲಿಯ ಹಿರಿಯರು ನಾಲ್ಕನ್ನು ಉಡುಗೊರೆ ಕೊಡುವುದಿಲ್ಲ, ಆ ಅಂಕಿಯ ಉಚ್ಚಾರಕ್ಕೂ ಸಾವಿನ ಪದಕ್ಕೂ ನಂಟಿದೆ. ಹಾಗಾಗಿ ಅಜ್ಜಿ ನಾಲ್ಕು ಜನ ಎಂದುಕೊಂಡು ಒಂದು ಹೆಚ್ಚು ಕೊಟ್ಟರೋ, ಮೂರೇ ಜನ ಎಂದು ಗೊತ್ತಿದ್ದೂ ಕೈಗೆ ಬಂದಷ್ಟು ಕೊಟ್ಟರೋ, ಹಣ್ಣಿನಿಂದ ತಿಳಿಯುವುದಿಲ್ಲ.

ಸ್ಪರ್ಧೆಯನ್ನು ಬೇಗ ಮುಗಿಸಿಬಿಡುತ್ತೇನೆ. ಅಪ್ಪ ಮೈಸೂರಿನಿಂದ ತಮ್ಮದೇ ಚೌಕದಲ್ಲಿ, ಇದ್ದುದರಲ್ಲಿ ಹತ್ತಿರದ ಬಣ್ಣವೆಂದು ಆಫೀಸಿನ ನೀಲಿ ಷರಟು ಹಾಕಿಕೊಂಡು ಕೂತಿದ್ದರು. ಯಾರೋ ಒಬ್ಬರು, "ಹಬ್ಬಕ್ಕೆ ಕಪ್ಪಾ ಅಕ್ಕಾ?" ಅಂದರು. "ಕಪ್ಪಲ್ಲ ಕಣ್ರೀ, ನೀಲಿ. ನಿಮ್ಮನೇಲಿ ಲೈಟ್ ಹಾಕ್ಕೊಂಡು ನೋಡಿ," ಅಂದಳು ಅಮ್ಮ. ಬಹುಮಾನ ಹಳದಿ ಕೆಂಪು ತೊಟ್ಟ ಮನೆಗೆ ಹೋಯಿತು. ನಮಗೆ ಬಂತು ಎಂದು ಅಪ್ಪ ಹೇಳುವುದನ್ನು ನಾನು ಆಕ್ಷೇಪವಿಲ್ಲದೆ ಬಿಟ್ಟಿದ್ದೇನೆ.

ಬಿಡಲಾಗದಿರುವುದು ಮರುದಿನದ ಫೋನು. ನಾನು ಮೇಜಿನಲ್ಲಿ ಓದುತ್ತಿದ್ದೆ, ಅಮ್ಮ ಫೋನನ್ನು ಸ್ಪೀಕರಿನಲ್ಲಿಟ್ಟು ಬಟ್ಟೆ ಮಡಿಸುತ್ತಿದ್ದಳು.

"ಒಂದು ಎಡವಟ್ಟಾಯ್ತು ರೀ ನಿನ್ನೆ," ಎಂದು ಶುರು ಮಾಡಿದಳು. ಅಜ್ಜಿ ಬಂದದ್ದು, ಕೇಳಿದ್ದು, ತಾನು ಹೌದು ಅಂದದ್ದು. "ನಾನು ಬಟ್ಟೆ ಬಗ್ಗೆ ಕೇಳ್ತಿದಾರೆ ಅಂದ್ಕೊಂಡೆ. ಆಮೇಲೆ ಹೊಳೀತು, ಎಲ್ಲರೂ ಇದೀರಾ ಅಂತ ಕೇಳಿದ್ದು ಅಂತ." ಹೇಳುತ್ತ ಹೇಳುತ್ತ ನಗುತ್ತಿದ್ದಳು. ಪುಟ್ಟಿಯ ಮಾತು ಅದರಲ್ಲಿ ಇರಲಿಲ್ಲ.

ಅಪ್ಪ ಜೋರಾಗಿ ನಕ್ಕರು. "ಹಂಗಾದ್ರೆ ನನ್ನ ಹಾಜರಿ ಹಾಕ್ಬಿಟ್ಟೆ ಅನ್ನು."

"ಹಾಕ್ಬಿಟ್ಟೆ. ಇನ್ನು ನೀವುಂಟು, ಅವರುಂಟು."

ಆ ಕಡೆ ನಗು ನಿಂತಿತು. ನೆಟ್‌ವರ್ಕು ಹೋಯಿತೇನೋ ಎಂದು ನಾನು ತಲೆ ಎತ್ತಿದೆ. ಅತ್ತೆಯ ಮನೆಯ ಕುಕ್ಕರು ಕೂಗಿದ್ದು ಕೇಳಿಸಿತು.

"ನಾಳೆ ಎಂಬೆಸಿಗೆ ಮೇಲ್ ಹಾಕ್ತೀನಿ," ಅಂದರು ಅಪ್ಪ.

ಹಾಕ್ತೀನಿ. ತಿಂಗಳಿಂದ ಪ್ರೊಸೆಸ್‌ನಲ್ಲಿದ್ದ ಪೇಪರಿಗೆ ಮೇಲ್ ಇನ್ನೂ ಹೋಗಿರಲಿಲ್ಲ. ನಾನು ಅಮ್ಮನ ಮುಖ ನೋಡಿದೆ. ಅವಳು ಪುಟ್ಟಿಯ ಫ್ರಾಕು ಮಡಿಸುತ್ತಿದ್ದಳು, ಜೋಡಣೆಯ ಮೇಲೆ ಜೋಡಣೆ ಬರುವಂತೆ. "ಸರಿ," ಅಂದಳು.

ಅಪ್ಪ ವರ್ಷದ ಕೊನೆಗೆ ಬಂದರು. ಎರಡು ವಾರ ಒಳಕೋಣೆಯಲ್ಲಿ ಒಬ್ಬರೇ, ಬಾಗಿಲ ಬಳಿ ತಟ್ಟೆ. ಸಂಕ್ರಾಂತಿಗೆ ಹೊರಗೆ ಬಂದು ಜುಬ್ಬ ತೊಟ್ಟರು. ಅಮ್ಮ ಕಚ್ಚಾ ಹೊಲಿಗೆ ಬಿಚ್ಚಿ, ಪಕ್ಕ ಸಡಿಲಿಸಿ, ಯಂತ್ರದಲ್ಲಿ ಗಟ್ಟಿ ಹೊಲಿಗೆ ಹಾಕಿಕೊಟ್ಟಳು. ಅಳತೆ ಸರಿಯಾಗಿ ಕೂತಿತು. ಎಳ್ಳುಬೆಲ್ಲ ಕೊಡಲು ನಾಲ್ವರೂ ನೀಲಿಯಲ್ಲಿ ಪಕ್ಕದ ಮನೆಗೆ ಹೋದೆವು. ಅಜ್ಜಿ ಬಾಗಿಲು ತೆರೆದು, ಅಪ್ಪನನ್ನು ಕಂಡು ಒಂದಿಷ್ಟೂ ಬೆರಗಾಗದೆ, "ಒಕಾಯೆರಿ" ಅಂದರು. ಹೋದವರು ಮನೆಗೆ ಮರಳಿದಾಗ ಹೇಳುವ ಮಾತು ಅದು. ಅಂದರೆ ಅಮ್ಮನ ಹಾಯ್ ನಂಬಿ ಅಜ್ಜಿ ಮೋಸಹೋಗಿರಲಿಲ್ಲ. ಹಾಗಾದರೆ ಆ ಉತ್ತರವನ್ನು ನಿಜವಾಗಿ ನಂಬಿದವರು ಅಪ್ಪ ಒಬ್ಬರೇ. ನಂಬಿ ಬಂದರು.

ಇದು ನನ್ನ ಕಷ್ಟ. ಅಮ್ಮ ತಪ್ಪಾಗಿ ಕೇಳಿಸಿಕೊಂಡಳು ಎಂದರೆ ಪುಟ್ಟಿಯ ಮಾದಾ ಅಡ್ಡ ಬರುತ್ತದೆ. ಅಜ್ಜಿಯ ಬಾಯಿ ಮುಚ್ಚಿಸಲು ಬೇಕೆಂದೇ ಸುಳ್ಳು ಹೇಳಿದಳು ಎನ್ನಲು ಹೋದರೆ, ಎಂಟು ತಿಂಗಳು ನಿಜ ಹೇಳಿದವಳು ಹಬ್ಬದ ದಿನ ಯಾಕೆ ಸುಳ್ಳಿಗಿಳಿದಳು? ಆಗ ಉಳಿಯುವುದು, ಸುಳ್ಳೇ ಹೇಳಲಿಲ್ಲ ಎಂಬುದು. ಅದರಲ್ಲೂ ಎರಡಿವೆ. ಬಾಗಿಲ ಕೊಕ್ಕೆಯಲ್ಲಿದ್ದ ಜುಬ್ಬವನ್ನೂ ಒಬ್ಬರೆಂದು ಸೇರಿಸಿ, ಎಲ್ಲರೂ ಇದ್ದೇವೆ ಅಂದಳು. ಇಲ್ಲವೇ, ಮೂವರನ್ನು ನೋಡಿ, ಹೋಟೆಲಿನ ಮೇಜು ನೋಡಿದಂತೆ ನೋಡಿ, ಏನೂ ಬಾಕಿಯಿಲ್ಲ ಅನ್ನಿಸಿ, ಹೌದು ಅಂದಳು. ಮೊದಲನೆಯದು ಅಪ್ಪನ ಕಥೆಗಿಂತ ಒಳ್ಳೆಯ ಕಥೆ. ಎರಡನೆಯದನ್ನು ನಾನು ಯಾರ ಮುಂದೆಯೂ ಮಂಡಿಸಿಲ್ಲ. ಮರುದಿನ ಫೋನಿನಲ್ಲಿ ನಕ್ಕದ್ದು ಅವರನ್ನು ಕರೆಯಲೋ, ತನಗೆ ಹೊಳೆದದ್ದನ್ನು ತಾನೇ ಮುಚ್ಚಿಕೊಳ್ಳಲೋ? ಪರವಾಗಿ ವಾದಿಸು ಎಂದರೆ ವಾದಿಸುತ್ತೇನೆ, ವಿರುದ್ಧವಾಗಿ ಎಂದರೂ ವಾದಿಸುತ್ತೇನೆ.

ಈಗ ನಾನು ತ್ಸುಕುಬಾದ ಯೂನಿವರ್ಸಿಟಿಯಲ್ಲಿ ಓದುತ್ತಿದ್ದೇನೆ. ಮೊನ್ನೆಯ ದೀಪಾವಳಿಗೆ ಮನೆಗೆ ಬಂದಾಗ ಹೊಸದಾಗಿ ಬೆಂಗಳೂರಿನಿಂದ ಬಂದಿಳಿದ ಒಂದು ಸಂಸಾರ ಊಟಕ್ಕಿತ್ತು. ಅಪ್ಪ ಕೈ ತೊಳೆದು ಬಂದು ಕೂತರು. ನಾನು ಅಡುಗೆಮನೆಗೆ ಎದ್ದುಹೋದೆ. ಅಮ್ಮ ಕಜ್ಜಾಯಗಳನ್ನು ತಟ್ಟೆಗೆ ಜೋಡಿಸುತ್ತಿದ್ದಳು. ಹೊರಗೆ ಅಪ್ಪನ ದನಿ "ಹಾಜರಿ ಬಿದ್ದೋಯ್ತು" ಎನ್ನುವಲ್ಲಿಗೆ ಬಂದಿತ್ತು. ನಗು ಕೇಳಿಸಿತು. ಅಮ್ಮನ ತುಟಿಯಲ್ಲೂ ಏನೋ ಇತ್ತು. ಈಗ ಮಾಸ್ಕ್ ಇಲ್ಲ, ಪೂರ್ತಿ ಮುಖ ಕಾಣುತ್ತಿತ್ತು. ಆದರೂ ಓದಲಾಗಲಿಲ್ಲ.

"ಏನು ಹಂಗೆ ನಿಂತೆ? ಬಡಿಸು ಹೋಗು, ಲಾಯರಮ್ಮ."

ತಟ್ಟೆ ಕೈಗೆ ತೆಗೆದುಕೊಂಡೆ. ಹೊರಡಲಿಲ್ಲ.

"ಅಮ್ಮ, ಅವತ್ತು ಅಜ್ಜಿಗೆ ಹಾಯ್ ಅಂದೆಯಲ್ಲ, ಆಗ ನೀನು ಎಷ್ಟು ಜನ ಅಂತ ಎಣಿಸಿದ್ದೆ?"